300 ರೂಪಾಯಿಯೊಳಗೆ ಒಂದು ಬೆಳಕಿನ ಡಬ್ಬ

ಪ್ರಶ್ನೆ: ನನ್ನ ಮಗ ಎಂಟನೇ ಕ್ಲಾಸು. ಈ ದೀಪಾವಳಿಗೆ ಎಲ್ಲ ಕಡೆಯಿಂದ ಬೆಳಗುವ ಒಂದು ಚೌಕದ ಡಬ್ಬ ಮಾಡಬೇಕು ಅಂತ ಅವನ ಆಸೆ. ಹೋದ ವಾರ ಥರ್ಮಾಕೋಲಿನಲ್ಲಿ ಒಂದು ಮಾಡಿದ. ಗ್ಲೂ ಗನ್ ತಾಗಿದ ಕಡೆಯೆಲ್ಲ ಥರ್ಮಾಕೋಲ್ ಕರಗಿ ಗುಂಡಿ ಬಿತ್ತು. ಆರು ಕಡೆಯೂ ಒಂದೇ ಅಳತೆಗೆ ಕತ್ತರಿಸಿದ್ದರೂ ಡಬ್ಬ ಸೊಟ್ಟಗಾಯಿತು. ಮನೆಯಲ್ಲಿದ್ದ ಸೀರಿಯಲ್ ಸೆಟ್ಟನ್ನು ಒಳಗೆ ತುಂಬಿ ಹಚ್ಚಿದರೆ ಬರೀ ಬಲ್ಬುಗಳ ಚುಕ್ಕಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬೇರೆ ಬಂತು. ಜಾಸ್ತಿ ಖರ್ಚಿಲ್ಲದೆ, ಅಪಾಯವಿಲ್ಲದೆ ಇದನ್ನು ಮಾಡುವುದು ಹೇಗೆ? – ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಮೊದಲು ಆ ಸೀರಿಯಲ್ ಸೆಟ್ಟನ್ನು ಪ್ಲಗ್ಗಿನಿಂದ ತೆಗೆದು ಪಕ್ಕಕ್ಕಿಡಿ. ಉಳಿದ ಮಾತು ಆಮೇಲೆ.

ನಮ್ಮ ಮನೆಯ ಕರೆಂಟು 230 ವೋಲ್ಟ್. ಅಗ್ಗದ ಸೀರಿಯಲ್ ಸೆಟ್ಟುಗಳು ಸಾಮಾನ್ಯವಾಗಿ ಈ ಕರೆಂಟಿಗೆ ನೇರವಾಗಿ ಸೇರುತ್ತವೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಮಧ್ಯದಲ್ಲಿ ಇರುವುದಿಲ್ಲ. ‘ಒಂದೊಂದು ಎಲ್ಇಡಿಗೆ ಬರೀ ಮೂರು ವೋಲ್ಟು, ಏನೂ ಆಗಲ್ಲ ಬಿಡಿ’ ಅಂತ ಧೈರ್ಯ ಹೇಳುವವರು ಸಿಗುತ್ತಾರೆ. ಮೂರು ವೋಲ್ಟು ಅನ್ನುವುದು ಸುಳ್ಳಲ್ಲ. ಆದರೆ ಅದು ಸಾಲಿನಲ್ಲಿ ನಿಂತ ಒಂದು ಬಲ್ಬಿನ ಪಾಲು ಮಾತ್ರ. ವೈರಿನ ಮೇಲಿನ ಪ್ಲಾಸ್ಟಿಕ್ ಎಲ್ಲಾದರೂ ಕಿತ್ತುಹೋಗಿ ಅಲ್ಲಿ ಬೆರಳು ತಾಗಿದರೆ, ಗೋಡೆಯ ಪ್ಲಗ್ಗಿಗೆ ಕೈ ಹಾಕಿದ ಹಾಗೆಯೇ ಲೆಕ್ಕ. ಆ ವೈರು ಕೂದಲಿನ ಹಾಗೆ ತೆಳ್ಳಗಿರುತ್ತದೆ. ಅದನ್ನು ಮಡಚಿ, ತುರುಕಿ, ಕಟರ್ ಹಿಡಿದು ಕೆಲಸ ಮಾಡುವ ಹುಡುಗನ ಕೈಗೆ ಕೊಡುವುದು ಬೇಡ.

ಸುಟ್ಟ ವಾಸನೆಯ ವಿಷಯಕ್ಕೆ ಬಂದರೆ, ನನಗೂ ಒಮ್ಮೆ ಹೀಗೇ ಆಗಿತ್ತು. ಹಬ್ಬದ ಹಿಂದಿನ ಸಂಜೆ ರಸ್ತೆ ಬದಿಯಲ್ಲಿ ಒಂದು ಸೆಟ್ಟು ಕೊಂಡು, ಬಣ್ಣದ ಕಾಗದದ ಬುಟ್ಟಿಯೊಳಗೆ ಇಟ್ಟಿದ್ದೆ. ಲೈಟು ಮಿನುಗಿಸಲು ವೈರಿನ ನಡುವೆ ಒಂದು ಪುಟ್ಟ ಡಬ್ಬಿ ಇರುತ್ತದಲ್ಲ, ಬಟನ್ ಒತ್ತಿದರೆ ಆಟ ಬದಲಾಯಿಸುತ್ತದಲ್ಲ, ಅದು ಕಾಗದದ ಮೇಲೇ ಕೂತಿತ್ತು. ಅರ್ಧ ಗಂಟೆಯಲ್ಲಿ ಡಬ್ಬಿ ಮೆತ್ತಗಾಗಿ, ಅದರ ಕೆಳಗಿನ ಕಾಗದ ಕಂದು ಬಣ್ಣಕ್ಕೆ ತಿರುಗಿತ್ತು. ನಿಮ್ಮ ವಾಸನೆಯೂ ಅಲ್ಲಿಂದಲೇ ಬಂದಿರಬಹುದು. ಅದನ್ನು ಬಿಚ್ಚಿ ನೋಡಲು ಹೋಗಬೇಡಿ, ಸೆಟ್ಟನ್ನೇ ಬಿಟ್ಟುಬಿಡಿ.

ಅದರ ಬದಲು ಯುಎಸ್‌ಬಿ ಪಿನ್ನಿರುವ ಫೇರಿ ಲೈಟ್ ಕೊಳ್ಳಿ. ತಾಮ್ರದ ಬಣ್ಣದ ತೆಳು ತಂತಿಗೆ ಸಾಸಿವೆ ಕಾಳಿನ ಹಾಗೆ ಬಲ್ಬುಗಳು ಅಂಟಿಕೊಂಡಿರುತ್ತವೆ. ಇದು ಓಡುವುದು 5 ವೋಲ್ಟಿನಲ್ಲಿ, ಮೊಬೈಲ್ ಚಾರ್ಜರಿಗೆ ಸಿಕ್ಕಿಸಿದರೆ ಸಾಕು. ಒಂದೇ ಮಾತು: ಚಾರ್ಜರ್ ಮಾತ್ರ ಒಳ್ಳೆಯದಿರಲಿ, ಬಿಐಎಸ್ ಗುರುತು ಇರುವಂಥದ್ದು. ಯಾಕೆಂದರೆ 230 ಮತ್ತು 5ರ ನಡುವೆ ನಿಂತಿರುವ ಗೋಡೆ ಆ ಚಾರ್ಜರೇ. ಫೋನಿನ ಜೊತೆ ಬಂದ ಹಳೆಯದು ಮನೆಯಲ್ಲಿದ್ದರೆ ಅದೇ ಚೆನ್ನ.

ಬಣ್ಣ ಕೇಳುವಾಗ ‘ವಾರ್ಮ್ ವೈಟ್’ ಅನ್ನಿ. ಸುಮ್ನೆ ‘ಬಿಳಿ ಕೊಡಿ’ ಅಂದರೆ ಕೂಲ್ ವೈಟ್ ಕೊಡುತ್ತಾರೆ. ಡಬ್ಬದ ಕಿಟಕಿಗಳಿಗೆ ನಾವು ಅಂಟಿಸುವ, ಬೆಳಕನ್ನು ಮಸುಕಾಗಿ ಬಿಡುವ ಟ್ರೇಸಿಂಗ್ ಕಾಗದದ ಹಿಂದೆ ಅದು ಬಸ್ ಸ್ಟ್ಯಾಂಡಿನ ಟ್ಯೂಬ್‌ಲೈಟಿನ ಹಾಗೆ ಕಾಣುತ್ತದೆ. ಹಣತೆಯ ಪಕ್ಕದಲ್ಲಿ ಇಡುವ ವಸ್ತು ಅಲ್ವಾ, ಹಣತೆಯ ಬಣ್ಣಕ್ಕೆ ಹತ್ತಿರ ಇರಬೇಕು. ಬಣ್ಣ ಬದಲಾಯಿಸುತ್ತ ಕುಣಿಯುವ ಲೈಟುಗಳೂ ಸಿಗುತ್ತವೆ. ಹುಡುಗ ಹಟ ಮಾಡಬಹುದು. ಮೊದಲನೆಯ ಡಬ್ಬಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಥರ್ಮಾಕೋಲ್. ಅದು ಪಾಲಿಸ್ಟೈರೀನ್ ಅನ್ನುವ ಪ್ಲಾಸ್ಟಿಕ್ಕಿನ ನೊರೆ, ಅದರಲ್ಲಿ ಹೆಚ್ಚಿನ ಭಾಗ ಬರೀ ಗಾಳಿ. 100 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಗ್ಲೂ ಗನ್ನಿನಿಂದ ಬರುವ ಅಂಟು ಅದಕ್ಕಿಂತ ಬಿಸಿ. ಹಾಗಾಗಿ ಗುಂಡಿ ಬಿದ್ದದ್ದು ಹುಡುಗನ ಕೈಯ ತಪ್ಪಲ್ಲ. ಚಪ್ಪಲಿಗೆ, ರಬ್ಬರಿಗೆ ಹಚ್ಚುವ ಘಾಟಿನ ಅಂಟು ಹಾಕಿದ್ದರೂ ಅದರಲ್ಲಿನ ದ್ರಾವಕ ಥರ್ಮಾಕೋಲನ್ನು ತಿಂದುಬಿಡುತ್ತಿತ್ತು. ಇನ್ನೊಂದು ವಿಷಯ: ಅಲಂಕಾರಕ್ಕೆ ಬಳಸುವ ಥರ್ಮಾಕೋಲನ್ನು ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಅಂಗಡಿಯಲ್ಲಿ ಇನ್ನೂ ಸಿಗುತ್ತದೆ ಅನ್ನುವುದು ಬೇರೆ ಮಾತು. ಸ್ಟೇಷನರಿಯವರು ‘ಫೋಮ್ ಬೋರ್ಡ್ ತಗೊಳ್ಳಿ’ ಅನ್ನಬಹುದು. ನೋಡಲು ಅಚ್ಚುಕಟ್ಟು, ಆದರೆ ಎರಡು ಕಾಗದದ ನಡುವೆ ಇರುವುದು ಬಹುತೇಕ ಅದೇ ನೊರೆ. ಅಂಚಿಗೆ ಬಿಸಿ ಅಂಟು ತಾಗಿದರೆ ಅದೇ ಕಥೆ.

ನಾನು ಹೇಳುವುದು ಕಾಸಿಲ್ಲದ ಸಾಮಾನು: ಮಿಕ್ಸಿಯೋ ಫ್ಯಾನೋ ಬಂದ ಕಾರ್ಟನ್ ಪೆಟ್ಟಿಗೆಯ ರಟ್ಟು. ಎರಡು ಸಾಲು ಅಲೆ ಇರುವ ದಪ್ಪ ರಟ್ಟು ಸಿಕ್ಕರೆ ಅದೃಷ್ಟ. ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಉಳಿದಂತೆ ಮೂರು ಎ4 ಟ್ರೇಸಿಂಗ್ ಹಾಳೆ, ಒಂದು ಕಪ್ಪು ಚಾರ್ಟ್, ಒಂದೆರಡು ಬಿಳಿ ಹಾಳೆ, ಫೆವಿಕಾಲ್, ಎರಡೂ ಕಡೆ ಅಂಟುವ ಟೇಪು, ಕಟರ್, ಸ್ಟೀಲ್ ಸ್ಕೇಲು. ಕೊನೆಯ ಸಲ ನಾನು ಮಕ್ಕಳ ಜೊತೆ ಮಾಡಿದಾಗ ಲೈಟೂ ಸೇರಿ ಒಂದು ಡಬ್ಬಕ್ಕೆ 300 ರೂಪಾಯಿ ದಾಟಿರಲಿಲ್ಲ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಲೈಟಿನದ್ದೇ.

ಡಬ್ಬ ಯಾಕೆ ಸೊಟ್ಟಗಾಯಿತು ಗೊತ್ತಾ? ಆರು ಕಡೆಯೂ ಒಂದೇ ಅಳತೆಗೆ ಕತ್ತರಿಸಿದ್ದರಿಂದ.

ಕೇಳಲು ವಿಚಿತ್ರ ಅನಿಸಬಹುದು. ಗಣಿತದ ಪುಸ್ತಕದಲ್ಲಿ ಘನದ ಆರು ಮುಖವೂ ಸಮ. ಆದರೆ ಪುಸ್ತಕದ ಘನಕ್ಕೆ ದಪ್ಪ ಇಲ್ಲ, ರಟ್ಟಿಗೆ ಇದೆ. ಒಂದು ಹಲಗೆಯ ಅಂಚು ಇನ್ನೊಂದರ ಮೇಲೆ ಕೂರುವಾಗ ಆ ದಪ್ಪ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಬಡಗಿಗಳಿಗೆ ಇದು ಕೈಯಲ್ಲೇ ಇರುವ ಲೆಕ್ಕ. ಉದಾಹರಣೆಗೆ, ಹೊರಗಿನ ಅಳತೆ 15 ಸೆಂ.ಮೀ. ಇರಲಿ, ರಟ್ಟಿನ ದಪ್ಪ 5 ಮಿ.ಮೀ. ಮೇಲಿನದು ಮತ್ತು ಕೆಳಗಿನದು ಪೂರ್ತಿ 15×15. ಇವೆರಡರ ದಪ್ಪ ಸೇರಿ 1 ಸೆಂ.ಮೀ. ಹೋಯಿತು, ಉಳಿದ ಎತ್ತರ 14. ಹಾಗಾಗಿ ಮುಂದಿನದು ಮತ್ತು ಹಿಂದಿನದು 15×14. ಎಡ ಬಲದ ಎರಡು ಈ ಹಲಗೆಗಳ ನಡುವೆ ಕೂರಬೇಕು, ಹಾಗಾಗಿ ಅವು 14×14. ಮೂರು ಜೋಡಿ, ಮೂರು ಅಳತೆ. ನಿಮ್ಮ ರಟ್ಟು 3 ಮಿ.ಮೀ. ಇದ್ದರೆ 1 ಸೆಂ.ಮೀ. ಬದಲು 6 ಮಿ.ಮೀ. ಕಳೆಯಿರಿ. ಮಗನಿಗೆ ಉತ್ತರ ಹೇಳದೆ ಈ ಲೆಕ್ಕ ಮಾಡಲು ಬಿಡಿ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಪರೀಕ್ಷೆಯಲ್ಲಿ ಘನಫಲ ಸರಿಯಾಗಿ ಬರೆಯುವವರೂ ಇಲ್ಲಿ ಒಮ್ಮೆ ತಬ್ಬಿಬ್ಬಾಗುತ್ತಾರೆ.

15 ಸೆಂ.ಮೀ. ಅಂತ ಯಾಕೆ ಆರಿಸಿದೆ ಅಂದರೆ ಕಾಗದದ ಉಳಿತಾಯಕ್ಕೆ. ಪ್ರತಿ ಹಲಗೆಯ ನಡುವೆ 12×12 ಕಿಟಕಿ ಕತ್ತರಿಸುತ್ತೀರಿ. ಅದನ್ನು ಮುಚ್ಚಲು 13×13 ಟ್ರೇಸಿಂಗ್ ತುಂಡು ಸಾಕು. ಎ4 ಹಾಳೆಯ ಉದ್ದ 29.7, ಅಗಲ 21. ಒಂದರಲ್ಲಿ ಎರಡು ತುಂಡು ಸಲೀಸಾಗಿ ಬರುತ್ತವೆ. ಬೆಳಗುವುದು ಐದು ಮುಖ, ಹಾಗಾಗಿ ಮೂರು ಹಾಳೆ. ಆರನೆಯದು ತಳ. ಅದಕ್ಕೆ ಕಿಟಕಿ ಬೇಡ, ಲೈಟು ಹಾಕಿ ತೆಗೆಯಲು ಬಾಗಿಲು ಅದೇ.

ಕತ್ತರಿಸುವಾಗ ಒಂದೇ ಏಟಿಗೆ ರಟ್ಟು ಸೀಳಲು ಹೋಗಬಾರದು. ಮೂರು ಸಲ ಎಳೆಯಬೇಕು. ಮೊದಲ ಸಲ ಮೇಲಿನ ಕಾಗದ ಮಾತ್ರ, ಎರಡನೇ ಸಲ ಒಳಗಿನ ಅಲೆ, ಮೂರನೇ ಸಲ ಕೆಳಗಿನ ಕಾಗದ. ಒತ್ತಿ ಎಳೆದರೆ ಅಲೆ ನಜ್ಜುಗುಜ್ಜಾಗಿ ಅಂಚು ಹಲ್ಲುಹಲ್ಲಾಗಿ ಬರುತ್ತದೆ. ಬ್ಲೇಡಿನ ತುದಿ ಮೊಂಡಾದ ಕೂಡಲೇ ಒಂದು ತುಂಡು ಮುರಿದು ಹೊಸ ತುದಿ ಮಾಡಿಕೊಳ್ಳಿ. ಮೊಂಡು ಬ್ಲೇಡಿಗೇ ಜಾಸ್ತಿ ಒತ್ತಬೇಕು, ಒತ್ತಿದಾಗಲೇ ಅದು ಜಾರಿ ಬೆರಳಿಗೆ ಬರುವುದು. ಕಿಟಕಿ ಕತ್ತರಿಸುವ ಕೆಲಸ ನೀವೇ ಇಟ್ಟುಕೊಳ್ಳಿ. ಅಳತೆ, ಗೆರೆ, ಅಂಟು ಅವನದು. ಇನ್ನೊಂದು ಸಣ್ಣ ಗುಟ್ಟು: ಪಕ್ಕದ ನಾಲ್ಕು ಹಲಗೆಗಳಲ್ಲಿ ರಟ್ಟಿನ ಅಲೆಯ ಸಾಲು ಮೇಲಿಂದ ಕೆಳಕ್ಕೆ ನಿಂತಿರುವಂತೆ ಗೆರೆ ಹಾಕಿಕೊಳ್ಳಿ. ಮಲಗಿದ ಅಲೆ ಭಾರಕ್ಕೆ ಮಡಚುತ್ತದೆ, ನಿಂತದ್ದು ಕಂಬದ ಹಾಗೆ ಹೊರುತ್ತದೆ.

ಪ್ರತಿ ಚೌಕ ಸರಿಯಾಗಿದೆಯೇ ಅಂತ ನೋಡಲು ಮೂಲೆಯಿಂದ ಮೂಲೆಗೆ ಎರಡು ಸಲ ಅಳೆಯಿರಿ. ಎರಡೂ ಒಂದೇ ಬರಬೇಕು. 15×15ರ ಹಲಗೆಯಲ್ಲಿ ಅದು 21.2 ಸೆಂ.ಮೀ. ಒಂದು 21, ಇನ್ನೊಂದು 21.5 ಬಂದರೆ ಚೌಕ ವಾಲಿದೆ ಅಂತ. ಈಗಲೇ ಸರಿ ಮಾಡಿ, ಅಂಟಿಸಿದ ಮೇಲೆ ಆಗುವುದಿಲ್ಲ.

ಜೋಡಿಸುವ ಮೊದಲು ರಟ್ಟಿನ ಒಳಮೈಗೆಲ್ಲ ಬಿಳಿ ಹಾಳೆ ಅಂಟಿಸಿ, ತಳವನ್ನೂ ಬಿಡಬೇಡಿ. ಹೊರಗೆ ಯಾವ ಬಣ್ಣ ಬೇಕಾದರೂ ಹಚ್ಚಿ. ಒಳಗೆ ಮಾತ್ರ ಬಿಳಿ. ಹೊರಗೆ ಕಪ್ಪು ಮಾಡಿದ ಹುರುಪಿನಲ್ಲಿ ಒಳಗೂ ಕಪ್ಪು ಬಳಿದು, ‘ಲೈಟು ಸಾಲುತ್ತಿಲ್ಲ’ ಅಂತ ಇನ್ನೊಂದು ಮಾಲೆ ತಂದವರನ್ನು ನೋಡಿದ್ದೇನೆ. ಲೈಟು ಬೇಕಾದಷ್ಟಿತ್ತು, ಕಪ್ಪು ಗೋಡೆ ನುಂಗುತ್ತಿತ್ತು.

ಟ್ರೇಸಿಂಗ್ ಕಾಗದವನ್ನು ಫೆವಿಕಾಲಿನಿಂದ ಅಂಟಿಸಬೇಡಿ. ನೀರು ತಾಗಿದರೆ ಆ ಕಾಗದ ಹಪ್ಪಳದ ಹಾಗೆ ಸುಕ್ಕಾಗುತ್ತದೆ. ಒಣಗಿದ ಮೇಲೂ ಸುಕ್ಕು ಹೋಗುವುದಿಲ್ಲ, ಹಿಂದೆ ದೀಪ ಹಚ್ಚಿದಾಗ ಪ್ರತಿ ಸುಕ್ಕೂ ಎದ್ದು ಕಾಣುತ್ತದೆ. ಅದಕ್ಕೆ ಟೇಪೇ ಸರಿ. ಒಳಗಡೆಯಿಂದ ಕಿಟಕಿಯ ನಾಲ್ಕು ಅಂಚಿಗೂ ಟೇಪು ಹಾಕಿ. ಕಾಗದದ ಒಂದು ಬದಿ ಕೂರಿಸಿ, ಎದುರು ಬದಿಗೆ ಅಂಗೈಯಿಂದ ಮೆಲ್ಲಗೆ ಸವರುತ್ತ ಎಳೆದು ಕೂರಿಸಿ. ಬಾಗಿಲಾಗುವ ತಳವೊಂದನ್ನು ಬಿಟ್ಟು, ರಟ್ಟಿಗೆ ರಟ್ಟು ಸೇರಿಸಲು ಫೆವಿಕಾಲ್ ಹಾಕಿ, ಹಿಡಿದು ನಿಲ್ಲಿಸಲು ಹೊರಗಿನಿಂದ ಸೆಲ್ಲೋಟೇಪಿನ ತುಂಡುಗಳು. ರಾತ್ರಿಯಿಡೀ ಬಿಡಿ. ನಿಮ್ಮ ಕಡೆ ಮಳೆಯ ಥಂಡಿ ಇನ್ನೂ ಇದ್ದರೆ ಇನ್ನೂ ಅರ್ಧ ದಿನ ಬಿಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬಲ್ಬುಗಳ ಚುಕ್ಕಿ ಯಾಕೆ ಕಾಣುತ್ತದೆ?

ಬಲ್ಬು ಕಾಗದಕ್ಕೆ ಅಂಟಿಕೊಂಡಿರುವುದರಿಂದ. ಟ್ರೇಸಿಂಗ್ ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ, ಆದರೆ ಬೆಳಕು ಬಿದ್ದ ಜಾಗವನ್ನು ದೊಡ್ಡದು ಮಾಡುವ ಶಕ್ತಿ ಅದಕ್ಕಿಲ್ಲ. ಆ ಕೆಲಸ ಮಾಡುವುದು ದೂರ. ಒಂದು ಟಾರ್ಚು ಹಿಡಿದು ಗೋಡೆಯ ಹತ್ತಿರ ಹೋಗಿ, ದೂರ ಬನ್ನಿ. ವೃತ್ತ ಹಿಗ್ಗುತ್ತದೆ ಅಲ್ವಾ? ಪಕ್ಕಪಕ್ಕದ ಎರಡು ಬಲ್ಬಿನ ವೃತ್ತಗಳು ಹಿಗ್ಗಿ ಒಂದರೊಳಗೊಂದು ಸೇರಿದಾಗ ಚುಕ್ಕಿ ಮಾಯವಾಗುತ್ತದೆ. ನನ್ನ ಕೈಲೆಕ್ಕ ಹೀಗೆ: ಬಲ್ಬಿಗೂ ಬಲ್ಬಿಗೂ ಇರುವ ಅಂತರ ಎಷ್ಟೋ, ಬಲ್ಬಿಗೂ ಕಾಗದಕ್ಕೂ ಅದಕ್ಕಿಂತ ಒಂಚೂರು ಜಾಸ್ತಿ ಇರಬೇಕು. ಬಲ್ಬುಗಳು 3 ಸೆಂ.ಮೀ.ಗೆ ಒಂದು ಇದ್ದರೆ ಕಾಗದ ನಾಲ್ಕಾದರೂ ದೂರ. ಡಬ್ಬದೊಳಗೆ ಲೈಟನ್ನು ಹುಲ್ಲಿನ ಹಾಗೆ ತುಂಬಿದಿರಿ ಅಂದಿರಲ್ಲ, ಆಗ ಒಂದಿಷ್ಟು ಬಲ್ಬು ಕಾಗದಕ್ಕೇ ಒರಗಿರುತ್ತವೆ. ಎಷ್ಟು ಮಾಲೆ ತುಂಬಿದರೂ ಚುಕ್ಕಿಯೇ ಜಾಸ್ತಿಯಾಗುತ್ತದೆ, ಬೆಳಕಲ್ಲ.

ಹಾಗಾದರೆ ಲೈಟು ಎಲ್ಲಿರಬೇಕು? ನಟ್ಟನಡುವೆ. ಒಂದು ಚಿಕ್ಕ ನೀರಿನ ಬಾಟಲಿ ತೆಗೆದುಕೊಳ್ಳಿ, 200 ಮಿ.ಲೀ.ನದು. ಅದರ ಸುತ್ತ ಫೇರಿ ಲೈಟನ್ನು ಸುರುಳಿಯಾಗಿ ಸುತ್ತಿ. ಬಾಟಲಿಯ ಪಕ್ಕಗಳಲ್ಲಿ ಮಾತ್ರ ಸುತ್ತಿದರೆ ಡಬ್ಬದ ಮೇಲಿನ ಮುಖ ಮಂಕಾಗುತ್ತದೆ. ಹಾಗಾಗಿ ಕೊನೆಯ ಏಳೆಂಟು ಬಲ್ಬುಗಳನ್ನು ಮುಂಡಾಸಿನ ಹಾಗೆ ಬಾಟಲಿಯ ತಲೆಗೆ ಬಿಡಿ. ಬಾಟಲಿ ಉದ್ದವಾಯಿತು ಅನ್ನಿಸಿದರೆ ಕತ್ತರಿಸಿ, ತುದಿ ಡಬ್ಬದ ಮಧ್ಯಕ್ಕಿಂತ ಸ್ವಲ್ಪ ಮೇಲಕ್ಕೆ ಬಂದರೆ ಸಾಕು. ಆಮೇಲೆ ಉಳಿದ ಟ್ರೇಸಿಂಗ್ ಚೂರನ್ನು ಇಡೀ ಬಾಟಲಿಯ ಸುತ್ತ ಸಡಿಲವಾಗಿ ಒಂದು ಸುತ್ತು ಹೊದಿಸಿ. ಇದು ನನಗೆ ತುಂಬ ಇಷ್ಟದ ಉಪಾಯ. ಬೆಳಕು ಒಳಗಿನ ಕಾಗದದಲ್ಲಿ ಒಮ್ಮೆ ಚದುರುತ್ತದೆ, ಆಮೇಲೆ ನಾಲ್ಕೈದು ಸೆಂ.ಮೀ. ಖಾಲಿ ಜಾಗದಲ್ಲಿ ಹರಡುತ್ತದೆ, ಹೊರಗಿನ ಕಾಗದದಲ್ಲಿ ಮತ್ತೊಮ್ಮೆ ಚದುರುತ್ತದೆ. ಎರಡು ಕಾಗದವನ್ನು ಒಂದರ ಮೇಲೊಂದು ಅಂಟಿಸಿದರೆ ಇಷ್ಟು ಚೆನ್ನಾಗಿ ಬರುವುದಿಲ್ಲ. ನಡುವಿನ ಖಾಲಿ ಜಾಗವೇ ಅರ್ಧ ಕೆಲಸ ಮಾಡುವುದು.

ಬಾಟಲಿಯನ್ನು ತಳದ ಹಲಗೆಗೆ ಅಂಟಿಸಿ, ವೈರು ಹೊರಬರಲು ಒಂದು ತೂತು ಮಾಡಿ. ಗಾಳಿಯಾಡಲು ಇನ್ನೂ ನಾಲ್ಕು ತೂತು ಇರಲಿ. ತಳದ ನಾಲ್ಕು ಮೂಲೆಗೆ ಬಾಟಲಿ ಮುಚ್ಚಳಗಳನ್ನು ಕಾಲಿನ ಹಾಗೆ ಅಂಟಿಸಿ. ಫೇರಿ ಲೈಟು ಎಳೆಯುವ ವಿದ್ಯುತ್ತು ಸಾಮಾನ್ಯವಾಗಿ 5 ವ್ಯಾಟಿನೊಳಗೆ, ಅಂಥಾ ಬಿಸಿ ಏನೂ ಆಗುವುದಿಲ್ಲ. ಆದರೂ ಗಾಳಿ ಇದ್ದರೆ ಬಲ್ಬುಗಳು ಜಾಸ್ತಿ ದಿನ ಬಾಳುತ್ತವೆ. ದಿನಕ್ಕೆ ಐದು ಗಂಟೆಯ ಹಾಗೆ ತಿಂಗಳು ಪೂರ್ತಿ ಹಚ್ಚಿದರೂ ಮುಕ್ಕಾಲು ಯೂನಿಟ್ಟು. ಕರೆಂಟ್ ಬಿಲ್ಲಿನ ಚಿಂತೆ ಬೇಡ. ಎಣ್ಣೆಯ ಹಣತೆಯನ್ನು ಮಾತ್ರ ಈ ಡಬ್ಬದೊಳಗೆ ಯಾವತ್ತೂ ಇಡಬೇಡಿ.

ನಡುವೆ ಲೈಟಿಟ್ಟರೂ ಒಂದು ತೊಂದರೆ ಉಳಿಯುತ್ತದೆ: ಮೂಲೆಗಳು ಕಪ್ಪಗಾಗುತ್ತವೆ. 15 ಸೆಂ.ಮೀ. ಡಬ್ಬದ ನಡುವಿನಿಂದ ಮುಖದ ಮಧ್ಯಕ್ಕೆ ದೂರ 7.5 ಸೆಂ.ಮೀ., ಮೂಲೆಗೆ 13. ದೂರ ಜಾಸ್ತಿಯಾದ ಹಾಗೆ ಬೆಳಕು ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಹಾಗಾಗಿ ಮೂಲೆಗೆ ಮೂರರಲ್ಲೊಂದು ಪಾಲು. ಸಾಲದ್ದಕ್ಕೆ ಅಲ್ಲಿ ಬೆಳಕು ಓರೆಯಾಗಿ ಬೀಳುತ್ತದೆ. ಅದನ್ನೂ ಸೇರಿಸಿದರೆ ಹತ್ತಿರಹತ್ತಿರ ಐದರಲ್ಲೊಂದು ಪಾಲು ಮಾತ್ರ. ಈಗ ಚೌಕಟ್ಟನ್ನು ನೆನಪು ಮಾಡಿಕೊಳ್ಳಿ. ಕಿಟಕಿ 12 ಸೆಂ.ಮೀ. ಇಟ್ಟದ್ದರಿಂದ ಅತಿ ಕಪ್ಪಾದ ಮೂಲೆ ರಟ್ಟಿನ ಹಿಂದೆ ಅಡಗಿತು. ಕಿಟಕಿಯ ಮೂಲೆಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೆಳಕು ಸಿಗುತ್ತದೆ. ಒಳಗಿನ ಬಿಳಿ ಹಾಳೆ ಅತ್ತಿತ್ತ ಪುಟಿಸುವ ಬೆಳಕು ಅದರ ಮೇಲೆ. ನಡುವೆ ತುಸು ಜಾಸ್ತಿ, ಅಂಚಿಗೆ ತುಸು ಕಮ್ಮಿ ಅನ್ನುವಷ್ಟು ವ್ಯತ್ಯಾಸ ಉಳಿಯುತ್ತದೆ. ನನಗಂತೂ ಅದೇ ಚೆಂದ. ಹಣತೆಯ ಬೆಳಕೂ ಹಾಗೇ ತಾನೇ ಇರುವುದು.

ಕಿಟಕಿಗೆ ಬಣ್ಣದ ಜಿಲೆಟಿನ್ ಕಾಗದ ಹಾಕಬಹುದೇ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾಕಬಹುದು, ಆದರೆ ಟ್ರೇಸಿಂಗ್ ಕಾಗದದ ಜೊತೆಗೆ. ಅದು ಪಾರದರ್ಶಕ, ಬೆಳಕಿಗೆ ಬಣ್ಣ ಕೊಡುತ್ತದೆ, ಚದುರಿಸುವುದಿಲ್ಲ. ಬರೀ ಅದನ್ನೇ ಹಾಕಿದರೆ ಒಳಗಿನ ಬಾಟಲಿ, ವೈರು, ಟೇಪು ಎಲ್ಲದರ ದರ್ಶನವಾಗುತ್ತದೆ. ನಮ್ಮ ಹಳೆಯ ಆಕಾಶಬುಟ್ಟಿಗೆ ಬಿದಿರ ಕಡ್ಡಿ ಕಟ್ಟಿ, ಮೈದಾ ಅಂಟು ಕಾಯಿಸಿ ಹಚ್ಚುತ್ತಿದ್ದ ಗಾಳಿಪಟದ ಬಣ್ಣದ ಹಾಳೆ ಇದೆಯಲ್ಲ, ಅದು ಬಣ್ಣವನ್ನೂ ಕೊಡುತ್ತದೆ, ಬೆಳಕನ್ನೂ ಚದುರಿಸುತ್ತದೆ. ಬಣ್ಣ ಬೇಕೇ ಬೇಕು ಅಂದರೆ ಅದೇ ಹಾಕಿ.

ಇಷ್ಟಕ್ಕೇ ನಿಲ್ಲಿಸಿದರೂ ಡಬ್ಬ ಚೆನ್ನಾಗಿರುತ್ತದೆ. ಆದರೆ ಕಪ್ಪು ಚಾರ್ಟ್ ತರಲು ಹೇಳಿದ್ದೆ. ಅದು ರಂಗೋಲಿಗೆ.

ಕಪ್ಪು ಚಾರ್ಟಿನಲ್ಲಿ 13×13ರ ತುಂಡು ಕತ್ತರಿಸಿಕೊಳ್ಳಿ. ಮಗನ ಗಣಿತದ ಗ್ರಾಫ್ ಹಾಳೆಯ ಮೇಲೆ ಏಳು ಚುಕ್ಕಿ, ಏಳು ಸಾಲು ಇಡಿ. ಚುಕ್ಕಿಗೂ ಚುಕ್ಕಿಗೂ 1.5 ಸೆಂ.ಮೀ. ಅಂದರೆ ಒಟ್ಟು 9 ಸೆಂ.ಮೀ. ಆಗುತ್ತದೆ, 12ರ ಕಿಟಕಿಯಲ್ಲಿ ಸುತ್ತ ಒಂದೂವರೆ ಉಳಿಯುತ್ತದೆ. ಅಜ್ಜಿಯೋ ನೀವೋ ಹಾಕುವ ಯಾವುದಾದರೂ ರಂಗೋಲಿ ಬರೆಯಿರಿ. ಹಾಳೆಯನ್ನು ಚಾರ್ಟಿನ ಮೇಲಿಟ್ಟು ಕ್ಲಿಪ್ ಹಾಕಿ. ಕೆಳಗೆ ಹಳೆಯ ಹವಾಯಿ ಚಪ್ಪಲಿ ಇಡಿ. ನಗಬೇಡಿ, ಚುಚ್ಚುವ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಮೆತ್ತೆ ನನಗೆ ಸಿಕ್ಕಿಲ್ಲ. ಹಾಳಾದ ಥರ್ಮಾಕೋಲ್ ಡಬ್ಬದ ತುಂಡಾದರೂ ಆದೀತು, ಅದೂ ಒಂದು ಉಪಯೋಗಕ್ಕೆ ಬಂತು. ಚುಕ್ಕಿಗಳನ್ನು ಗೋಣಿ ಹೊಲಿಯುವ ದಬ್ಬಣದಿಂದ ಚುಚ್ಚಿ, ಗೆರೆಗಳನ್ನು ಗುಂಡುಪಿನ್ನಿನಿಂದ, 3 ಮಿ.ಮೀ.ಗೆ ಒಂದರಂತೆ. ಎರಡು ಅಳತೆಯ ತೂತು ಇದ್ದರೇ ಜೀವ. ಎಲ್ಲ ಒಂದೇ ಗಾತ್ರ ಮಾಡಿದರೆ ಸ್ವಲ್ಪ ದೂರದಿಂದ ಜರಡಿಯ ಹಾಗೆ ಕಾಣುತ್ತದೆ. ಚುಚ್ಚಿ ಮುಗಿಸಿದ ಚಾರ್ಟನ್ನು ಟ್ರೇಸಿಂಗ್ ಕಾಗದದ ಹೊರಮೈಗೆ ಬರುವಂತೆ ಒಳಗಿನಿಂದ ಕೂರಿಸಿ. ಮೊದಲು ಚಾರ್ಟು, ಅದರ ಹಿಂದೆ ಟ್ರೇಸಿಂಗ್. ಈ ಕೆಲಸ ಡಬ್ಬ ಜೋಡಿಸುವ ಮೊದಲೇ ಆಗಬೇಕು.

ಹಿಂದಿನಿಂದ ಚುಚ್ಚಿದರೆ ತೂತಿನ ಸುತ್ತ ಕಾಗದ ಹೊರಕ್ಕೆ ಉಬ್ಬಿ, ದೀಪ ಆರಿದಾಗಲೂ ಬೆರಳಿಗೆ ರಂಗೋಲಿ ಸಿಗುತ್ತದೆ. ನಾನು ಹಾಗೇ ಮಾಡುವುದು. ರಂಗೋಲಿ ಎಡಬಲ ಒಂದೇ ಇರುವುದರಿಂದ ತೊಂದರೆಯಿಲ್ಲ. ಅಕ್ಷರ ಬರೆದರೆ ಮಾತ್ರ ಹುಷಾರು. ಒಂದು ಸಲ ಎರಡು ಸಂಜೆ ಕೂತು ‘ಶುಭ ದೀಪಾವಳಿ’ ಅಂತ ಚುಚ್ಚಿದ್ದೆ. ಒಂದೊಂದು ಕೊಂಬು, ಒಂದೊಂದು ತಲೆಕಟ್ಟು. ದೀಪ ಹಚ್ಚಿದೆ. ಕನ್ನಡಿಯಲ್ಲಿ ಓದಬೇಕಾಗಿತ್ತು.

ಮಗನಿಗೆ ಒಂದು ಪ್ರಶ್ನೆ ಕೇಳಿ: ರಂಗೋಲಿ ಡಬ್ಬದ ಮೇಲೆ ಬೇಕಾ, ಗೋಡೆಯ ಮೇಲೆ ಬೇಕಾ? ಎರಡಕ್ಕೂ ದಾರಿ ಬೇರೆ. ಮೇಲೆ ಹೇಳಿದ್ದು ಡಬ್ಬದ ಮೇಲೆ. ಗೋಡೆ, ಚಾವಣಿಯ ಮೇಲೆಲ್ಲ ಬೆಳಕಿನ ಚುಕ್ಕಿ ಬೀಳಬೇಕು ಅಂದರೆ ಟ್ರೇಸಿಂಗ್ ಕಾಗದ ತೆಗೆಯಬೇಕು, ಬಾಟಲಿಯನ್ನೂ ಮಾಲೆಯನ್ನೂ ತೆಗೆಯಬೇಕು. ನಡುವೆ ಒಂದೇ ಒಂದು ಬರಿಯ ಎಲ್ಇಡಿ ಇರಬೇಕು. ನೂರು ಬಲ್ಬಿದ್ದರೆ ಒಂದು ತೂತು ಗೋಡೆಯ ಮೇಲೆ ನೂರು ಚುಕ್ಕಿ ಮೂಡಿಸುತ್ತದೆ, ಎಲ್ಲ ಕಲಸಿ ಮಂಜಾಗುತ್ತದೆ. ಒಂದೇ ಇದ್ದರೆ ಒಂದು ತೂತಿಗೆ ಒಂದೇ ಚುಕ್ಕಿ, ಸ್ಪಷ್ಟ. ಬಲ್ಬಿನಿಂದ ಕಾಗದ 7.5 ಸೆಂ.ಮೀ., ಗೋಡೆ 75 ಸೆಂ.ಮೀ. ದೂರ ಇದ್ದರೆ ರಂಗೋಲಿ ಹತ್ತು ಪಟ್ಟು ದೊಡ್ಡದಾಗಿ ಬೀಳುತ್ತದೆ. 9 ಸೆಂ.ಮೀ. ರಂಗೋಲಿ ಗೋಡೆಯಲ್ಲಿ 90 ಸೆಂ.ಮೀ.! ಕೊಳ್ಳುವ ಮೊದಲು ಮೊಬೈಲಿನ ಟಾರ್ಚನ್ನು ಚುಚ್ಚಿದ ಕಾಗದದ ಹಿಂದೆ ಹಿಡಿದು ಕತ್ತಲೆ ಕೋಣೆಯಲ್ಲಿ ನೋಡಿ. ಯಾವುದು ಬೇಕು ಅಂತ ಅವನೇ ಹೇಳುತ್ತಾನೆ.

ಒಂದೇ ಎಲ್ಇಡಿ ಹಾಕುವುದಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬಿಡಿ ಬಿಳಿ ಎಲ್ಇಡಿ ಕೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇದು ಚಿಲ್ಲರೆ ಕಾಸಿನ ವಸ್ತು, ನಿಮ್ಮೂರಿನ ರೇಡಿಯೋ, ಟಿವಿ ರಿಪೇರಿ ಅಂಗಡಿಯಲ್ಲೂ ಇರುತ್ತದೆ. ತುದಿ ಗುಮ್ಮಟದ ಹಾಗೆ ಇರುವುದು ಬೆಳಕನ್ನು ಮುಂದಕ್ಕಷ್ಟೇ ಬಿಡುತ್ತದೆ. ತಲೆ ಚಪ್ಪಟೆ ಇರುವುದು ಅಗಲಕ್ಕೆ ಬಿಡುತ್ತದೆ, ಅದು ಬೇಕು. ಜೊತೆಗೆ ಒಂದು ರೆಸಿಸ್ಟರ್, ಅಂದರೆ ಕರೆಂಟು ಜಾಸ್ತಿ ಹರಿಯದಂತೆ ತಡೆಯುವ ಪುಟ್ಟ ಬಿಡಿಭಾಗ. ಲೆಕ್ಕ ಎಂಟನೇ ಕ್ಲಾಸಿನದ್ದೇ: ಯುಎಸ್‌ಬಿ 5 ವೋಲ್ಟ್, ಬಿಳಿ ಎಲ್ಇಡಿಗೆ ಸುಮಾರು 3.2 ಬೇಕು, ಉಳಿದ 1.8ನ್ನು ರೆಸಿಸ್ಟರ್ ತಡೆಯಬೇಕು. ಹರಿಯುವುದು 20 ಮಿಲಿ ಆಂಪಿಯರ್, ಅಂದರೆ 0.02. 1.8ನ್ನು ಅದರಿಂದ ಭಾಗಿಸಿದರೆ 90 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 100, ಅದೇ ಹಾಕಿ. ಅದರ ಮೇಲೆ ಕಂದು, ಕಪ್ಪು, ಕಂದು ಪಟ್ಟಿ ಇರುತ್ತದೆ. ಎಲ್ಇಡಿಯ ಉದ್ದ ಕಾಲು ಪ್ಲಸ್‌ಗೆ. ತಿರುಗುಮುರುಗು ಹಾಕಿದರೆ ಹತ್ತುವುದಿಲ್ಲ, ಅಷ್ಟೇ. ರೆಸಿಸ್ಟರ್ ಇಲ್ಲದೆ ಹಾಕಿದರೆ ಮಾತ್ರ ಒಂದು ಕ್ಷಣ ಜೋರಾಗಿ ಉರಿದು ಎಲ್ಇಡಿ ಹೋಗುತ್ತದೆ.

ಪ್ಲಗ್ ಪಾಯಿಂಟ್ ದೂರ ಇದೆ, ಪವರ್ ಬ್ಯಾಂಕಿಗೆ ಹಾಕುತ್ತೇನೆ ಅಂದರೆ ಒಂದು ಎಚ್ಚರಿಕೆ. ತೀರಾ ಕಮ್ಮಿ ಕರೆಂಟು ಎಳೆದರೆ ‘ಫೋನು ಚಾರ್ಜ್ ಆಗಿ ಮುಗಿಯಿತು’ ಅಂತ ತಿಳಿದು ಎಷ್ಟೋ ಪವರ್ ಬ್ಯಾಂಕುಗಳು ತಾವೇ ಆರಿಬಿಡುತ್ತವೆ. ಒಂದೇ ಎಲ್ಇಡಿಗೆ ಇದು ಖಂಡಿತ ಕಾಟ ಕೊಡುತ್ತದೆ. ಅದಕ್ಕೆ ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ ಮೂರು ಹಿಡಿಯುವ ಡಬ್ಬಿ ಸಿಗುತ್ತದೆ, 4.5 ವೋಲ್ಟ್ ಬರುತ್ತದೆ, ಅದೇ 100 ಓಮ್ ನಡೆಯುತ್ತದೆ. ಗುಂಡಿಯ ಹಾಗಿರುವ ಚಪ್ಪಟೆ ಸೆಲ್ ಬಳಸಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಬೇಡವೇ ಬೇಡ. ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು.

ಕನ್ನಡಿಯೊಳಗೆ ಕನ್ನಡಿ ಕಾಣುವ, ಕೊನೆಯೇ ಇಲ್ಲದ ಹಾಗೆ ತೋರುವ ಡಬ್ಬವನ್ನು ಹುಡುಗ ವಿಡಿಯೋದಲ್ಲಿ ನೋಡಿರುತ್ತಾನೆ. ಅದಕ್ಕೆ ಅಕ್ರಿಲಿಕ್ ಹಾಳೆ, ಕನ್ನಡಿ ಫಿಲ್ಮು, ಹನ್ನೆರಡು ಅಂಚಿಗೂ ಎಲ್ಇಡಿ ಪಟ್ಟಿ ಬೇಕು. ಫಿಲ್ಮು ಅಂಟಿಸುವಾಗ ಒಂದು ಗುಳ್ಳೆ ಉಳಿದರೆ ಅದೂ ಕೊನೆಯಿಲ್ಲದಷ್ಟು ಸಲ ಕಾಣುತ್ತದೆ. 300 ರೂಪಾಯಿಯಲ್ಲಿ ಆಗುವ ಕೆಲಸವಲ್ಲ, ಮುಂದಿನ ವರ್ಷಕ್ಕಿರಲಿ.

ಡಬ್ಬವನ್ನು ಹೊರಗೆ ಜಗಲಿಯಲ್ಲಿ ಇಡುತ್ತೀರಾದರೆ ಮಲಗುವ ಮುಂಚೆ ಒಳಗೆ ತನ್ನಿ. ಇಬ್ಬನಿಗೆ ಟ್ರೇಸಿಂಗ್ ಕಾಗದ ಜೋತುಬೀಳುತ್ತದೆ. ಹಾಗೇನಾದರೂ ಆಗಿದ್ದರೆ ಬೆಳಿಗ್ಗೆ ಬಿಸಿಲಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡಿ, ಹೆಚ್ಚಿನ ಸಲ ಮತ್ತೆ ಬಿಗಿಯಾಗುತ್ತದೆ. ಆಗದಿದ್ದರೆ ಟೇಪು ಬಿಡಿಸಿ ಆ ಒಂದು ಮುಖದ ಕಾಗದ ಮಾತ್ರ ಬದಲಾಯಿಸಿ. ಮೂರು ಹಾಳೆಯಲ್ಲಿ ಆರು ತುಂಡು ಬಂದಿತ್ತಲ್ಲ, ಒಂದು ಹಾಗೇ ಉಳಿದಿದೆ.